ತಂಗಿಯ ಅರ್ಜಿ

ಇಬ್ಬರೂ ಅವಳಿ. ಹತ್ತು ನಿಮಿಷ ಮೊದಲು ಹುಟ್ಟಿದ ತಪ್ಪಿಗೆ ಒಬ್ಬಳು ಅಕ್ಕನಾದಳು. ಹೈಸ್ಕೂಲು ಮುಗಿದಾಗ ತಂಗಿಗೇ ಹೆಚ್ಚು ಅಂಕ ಬಂದಿತ್ತು. ಕಾಲೇಜು ಬೇಡ ಎಂದವಳೂ ಅವಳೇ.

"ಓದಿ ಓದಿ ಸಾಕಾಗಿದೆ ಅಪ್ಪಾ. ಒಂದು ವರ್ಷ ಏನಾದ್ರೂ ಕೆಲಸ ಮಾಡ್ತೀನಿ, ಆಮೇಲೆ ನೋಡೋಣ."

ಅಪ್ಪ ಬಸ್ ಡ್ರೈವರ್. "ಹೈಸ್ಕೂಲ್ ಆದ್ಮೇಲೆ ನೇರ ಕಾಲೇಜು. ಏರುದಾರೀಲಿ ನಿಲ್ಸಿದ ಬಸ್ಸು ಮತ್ತೆ ಹತ್ತಲ್ಲ ಕಣಮ್ಮ," ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದ. ತಂಗಿ ಜಗ್ಗಲಿಲ್ಲ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಸಾಣೆಕಲ್ಲಿಗೆ ಉಜ್ಜುವ ಕೆಲಸಕ್ಕೆ ಸೇರಿದಳು. ಅಕ್ಕ ತೆಪ್ಪಗೆ ಕಾಲೇಜಿಗೆ ಹೋದಳು. ಬೇಡ ಅನ್ನಬಹುದೆಂಬುದೇ ಅವಳಿಗೆ ಹೊಳೆದಿರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಮನೆಯಲ್ಲಿ ತಂಗಿಯದೇ ಮಾತು. ಅವಳು ಉಜ್ಜಿದ ಕನ್ನಡಕ ಹಾಕಿಕೊಂಡು ಯಾವುದೋ ಅಜ್ಜಿ ಅವಳೆದುರೇ ಸೂಜಿಗೆ ದಾರ ಪೋಣಿಸಿದರಂತೆ. ಗಿರಾಕಿಗಳು "ಆ ಹುಡುಗೀನೇ ಮಾಡ್ಲಿ" ಅನ್ನುತ್ತಾರಂತೆ. ಅಪ್ಪ ಹೊಸ ಕನ್ನಡಕ ಏರಿಸಿಕೊಂಡು, "ನನ್ ಮಗಳೇ ಮಾಡಿದ್ದು" ಎಂದು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ಅಕ್ಕನ ಫಲಿತಾಂಶಕ್ಕೆ "ಪಾಸಾ? ಒಳ್ಳೇದು" ಎಂದಷ್ಟೇ ಅಂದ. ಅಕ್ಕ ಅಂಕಪಟ್ಟಿ ಮಡಚಿ ಪುಸ್ತಕದೊಳಗೆ ತುರುಕಿದಳು.

ಒಂದು ದಿನ ಊಟಕ್ಕೆ ಕೂತಾಗ ತಂಗಿ ಕೇಳಿದಳು. "ಅಕ್ಕಾ, ಗಾಜಿನ ಹೊಟ್ಟೆ ಉಬ್ಬಿದ್ರೆ ಬೆಳಕು ಯಾಕೆ ಬಾಗುತ್ತೆ? ನಮ್ಮ ಯಜಮಾನ್ರಿಗೆ ಉಜ್ಜೋದು ಗೊತ್ತು, ಕಾರಣ ಗೊತ್ತಿಲ್ಲ. ಈ ವರ್ಷ ನಾನೂ ಕಾಲೇಜು ಸೇರ್ತೀನಿ. ಅರ್ಜಿಗೆ ಕೊನೇ ದಿನ ಯಾವತ್ತು?"

ಆ ಪಾಠ ಅಕ್ಕನಿಗೆ ಆಗಿಹೋಗಿತ್ತು. ಬಾಯಿಪಾಠ ಮಾಡಿ ಅಂಕವನ್ನೂ ಗಿಟ್ಟಿಸಿದ್ದಳು. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೆಲಸದ ಸುಖವೂ ಇವಳಿಗೇ, ಈಗ ಕಾಲೇಜೂ ಇವಳಿಗೇ!

"ಮುಂದಿನ ಸೋಮವಾರ," ಎಂದಳು.

ಕೊನೆಯ ದಿನ ಶುಕ್ರವಾರವಾಗಿತ್ತು.

ಶುಕ್ರವಾರ ಮಧ್ಯಾಹ್ನ ಕಾಲೇಜಿನ ಪ್ರಯೋಗಾಲಯದಲ್ಲಿ ಅಕ್ಕನಿಗೆ ಕೈಯೇ ಓಡಲಿಲ್ಲ. ಎಲ್ಲ ಅರ್ಧಕ್ಕೆ ಬಿಟ್ಟು ಅಂಗಡಿಗೆ ಓಡಿದಳು. ತಂಗಿ ತಿರುಗುವ ಸಾಣೆಕಲ್ಲಿಗೆ ಗಾಜಿನ ಅಂಚು ಹಿಡಿದು ಕೂತಿದ್ದಳು.

"ಕೊನೇ ದಿನ ಇವತ್ತೇ ಕಣೇ. ಸುಳ್ಳು ಹೇಳ್ಬಿಟ್ಟೆ. ಏಳು, ಬೇಗ!"

ತಂಗಿ ಕಲ್ಲು ನಿಲ್ಲಿಸಿದಳು. "ಗೊತ್ತು. ಕಾಲೇಜಿನ ಗುಮಾಸ್ತರು ಕನ್ನಡಕ ತಗೊಳ್ಳೋಕೆ ಬಂದಿದ್ರು, ಹೇಳಿದ್ರು. ಬುಧವಾರಾನೇ ಅರ್ಜಿ ಕೊಟ್ಟೆ."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಗೊತ್ತಾದಾಗ ತುಂಬ ಸಿಟ್ಟು ಬಂತು. ಈಗ್ಲೂ ಇದೆ."

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಳು. "ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ. ನೀನು ಬೇಡ ಅಂದೆ, ಆಮೇಲೆ ಬೇಕು ಅಂದೆ. ನನಗೆ ಎರಡೂ ಅನ್ನೋಕೆ ಬರ್ಲಿಲ್ಲ."

"ಈಗ ಅನ್ನು. ನಿನ್ನ ಬಾಯಿಗೆ ಬೀಗ ಹಾಕಿದ್ದು ನಾನಂತೂ ಅಲ್ಲ," ಎಂದು ತಂಗಿ ನೀರಿನ ಲೋಟ ಮುಂದೆ ತಳ್ಳಿದಳು.

ಆ ಸಂಜೆಯೇ ಅಕ್ಕ ಒಂದು ವರ್ಷ ಓದು ನಿಲ್ಲಿಸುತ್ತೇನೆಂದಳು. ಅಪ್ಪ ಕೂಗಾಡಿದ, ತಟ್ಟೆ ಬಿಟ್ಟು ಎದ್ದ. ಮರುವಾರ ತಾನೇ ಪರಿಚಯದವರ ಗಿಡಗಳ ನರ್ಸರಿಯಲ್ಲಿ ಅವಳಿಗೊಂದು ಕೆಲಸ ಕೊಡಿಸಿದ.

ತಂಗಿ ಹೊಸ ಪುಸ್ತಕ ಹಿಡಿದು ಕಾಲೇಜಿಗೆ ಹೊರಟ ಬೆಳಿಗ್ಗೆ ಅಕ್ಕನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಅದನ್ನು ಸಾಕುತ್ತ ಕೂರಲು ಹೊತ್ತಿರಲಿಲ್ಲ. ಎಂಟಕ್ಕೆಲ್ಲ ಅವಳು ಸಸಿಗಳಿಗೆ ನೀರು ಹಾಯಿಸಬೇಕಿತ್ತು.