ಇಂಕು ಒಣಗಬಾರದು

ಪ್ರಿಂಟರಿನ ವಿಷಯದಲ್ಲಿ ನನ್ನ ಗಂಡನ ಅಣ್ಣನಿಗೆ ಬೇರೆ ಯಾರ ಮೇಲೂ ನಂಬಿಕೆಯಿಲ್ಲ. ಹೊಸ ಕಾರ್ಟ್ರಿಜ್ ಬೇಕೆಂದರೆ ಅಂಗಡಿಯವನ ತಲೆ ತಿಂದು, ನಾಲ್ಕು ಡಬ್ಬಿ ತಿರುಗಿಸಿ ನೋಡಿ, ಒಂದನ್ನು ಹಸುಗೂಸಿನಂತೆ ಎತ್ತಿಕೊಂಡು ಬರುತ್ತಾರೆ. ಹಳೆಯದನ್ನು ತೆಗೆದು ಅದನ್ನು ಕೂರಿಸುವಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ.

ಆಮೇಲೆ ಇಂಕು ಒಣಗಬಾರದೆಂದು ದಿನಾ ಬೆಳಿಗ್ಗೆ ಬಣ್ಣದ ಪಟ್ಟೆಗಳ ಟೆಸ್ಟ್ ಪೇಜು ತೆಗೆಯುತ್ತಾರೆ. ನಮಗೊಂದು ಹಾಳೆ ತೆಗೆದುಕೊಡಬೇಕೆಂದರೆ ಮಾತ್ರ ಜೀವವೇ ಹೋಗುತ್ತದೆ. "ಇಂಕೇನು ನಲ್ಲಿ ನೀರಾ? ಜೆರಾಕ್ಸ್ ಅಂಗಡೀಲಿ ತೆಗೆಸ್ಕೋ."

ನಿನ್ನೆ ನನ್ನ ಕೆಲಸದ ಅರ್ಜಿಯ ಒಂದೇ ಒಂದು ಹಾಳೆ ಬೇಕಿತ್ತು. ಅಂಗಡಿಗೆ ರಜೆ. ಕಾಡಿ ಬೇಡಿ ಒಪ್ಪಿಸಿದೆ. ನನ್ನ ಅರ್ಧ ಹೆಸರು ಮೂಡಿತು, ಉಳಿದ ಹಾಳೆ ಬೆಳ್ಳಗೆ ಹೊರಬಂತು.

"ಇಂಕೇ ಇಲ್ವಲ್ಲ ಭಾವ."

"ಅದ್ಹೇಗಾಗುತ್ತೆ? ಯಾರಿಗೂ ಮುಟ್ಟೋಕೇ ಬಿಟ್ಟಿಲ್ಲ ನಾನು," ಎಂದು ಬೀರುವಿನಿಂದ ಟೆಸ್ಟ್ ಪೇಜುಗಳ ಕಟ್ಟು ತಂದು ಮುಂದಿಟ್ಟರು. "ನೋಡು, ಇವತ್ತು ಬೆಳಿಗ್ಗೆವರೆಗೂ ಎಷ್ಟು ಚೆನ್ನಾಗಿ ಬಂದಿದೆ."

ನಾನು ಅದರಲ್ಲೊಂದನ್ನು ಎಳೆದುಕೊಂಡು, ಮಗುಚಿ, ಪೆನ್ನಿನಲ್ಲಿ ಅರ್ಜಿ ಬರೆಯಲು ಕೂತೆ.

"ಅದನ್ನ ಹಾಳ್ಮಾಡ್ಬೇಡ ಕಣಮ್ಮ," ಎಂದರು ಭಾವ. "ಅದು ರೆಕಾರ್ಡು."