ಶನಿವಾರದ ದೋಣಿ

ಅಯಾಂಥಿ ಸತ್ತು ಮೂರು ವರ್ಷವಾದ ಮೇಲೆ ಅವಳ ಗೋರಿಗೆ ಕಲ್ಲು ನಿಲ್ಲಿಸಿದೆವು. ನಮ್ಮ ಕ್ಯಾರಿಯಾಕು ದ್ವೀಪದಲ್ಲಿ ಕಲ್ಲು ನಿಂತ ಮೇಲೆಯೇ ಸತ್ತವರಿಗೆ ನೆಮ್ಮದಿ. ಖರ್ಚೆಲ್ಲ ಮಗಳು ವರ್ಲಿನ್‌ಳದು. ಮಣ್ಣಿಗೆ ಬಾರದವಳು ಕಲ್ಲಿಗೆ ಬಂದಿದ್ದಳು.

ವರ್ಲಿನ್ ನನ್ನ ಜೊತೆಯಲ್ಲೇ ಬೆಳೆದವಳು. ಬ್ರೂಕ್ಲಿನ್‌ಗೆ ಹೋಗಿ ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ದುಡಿದಳು. ಬೆಂಕಿ, ಕೊಲೆ, ಚುನಾವಣೆ, ಯಾವುದೇ ಇರಲಿ, ಮೂರು ಜನರನ್ನು ಕೇಳದೆ ಒಂದು ಸಾಲೂ ಬರೆಯುವವಳಲ್ಲ ಎಂದು ಹೆಸರು ಮಾಡಿದ್ದಳು. ಆಮೇಲೆ ಕೆಲಸ ಬಿಟ್ಟು ಕಾದಂಬರಿ ಬರೆದಳು. ಅದರಲ್ಲಿ ಒಬ್ಬ ಹೆಂಗಸು ಪ್ರತಿ ಶನಿವಾರ ಹಸಿರು ಕೊಡೆ ಹಿಡಿದು ದೋಣಿ ನಿಲ್ಲುವ ಧಕ್ಕೆಯ ಮೇಲೆ ನಿಲ್ಲುತ್ತಾಳೆ. ಟ್ರಿನಿಡಾಡ್‌ನಲ್ಲಿ ಬೇರೆ ಸಂಸಾರ ಹೂಡಿದ ಗಂಡ ದೋಣಿಯಿಂದ ಇಳಿದಾನೆಂದು ಕಾಯುತ್ತಾಳೆ. ಊರು ಬೆನ್ನ ಹಿಂದೆ ನಗುತ್ತದೆ. ವರ್ಲಿನ್ ಅಮ್ಮನ ಹೆಸರು ಬದಲಾಯಿಸಿದ್ದಳು, ಕೊಡೆ ಬದಲಾಯಿಸಿರಲಿಲ್ಲ. ಅಮೆರಿಕದಲ್ಲಿ ಪುಸ್ತಕಕ್ಕೆ ಬಹುಮಾನ ಬಂತು. ಇಲ್ಲಿ ಅಯಾಂಥಿ ಮಗಳ ಫೋನ್ ಎತ್ತುವುದನ್ನೇ ಬಿಟ್ಟಳು. ನನಗೂ ಸಿಟ್ಟು ಬಂದಿತ್ತು, ಇನ್ನೂ ಪೂರ್ತಿ ಇಳಿದಿಲ್ಲ.

ಕಲ್ಲಿಗೆ ನೀರು, ರಮ್ ಎರೆದು, ಹಿರಿಯರಿಗೆ ಎಡೆ ಇಟ್ಟು, ಊರೆಲ್ಲ ಅಂಗಳದಲ್ಲಿ ಊಟಕ್ಕೆ ಕೂತಿತು. ಅಯಾಂಥಿಯ ಮಾತು ಬಂದು ನಗು ಎದ್ದಿತ್ತು. ವರ್ಲಿನ್ ತಟ್ಟೆ ಹಿಡಿದು ಬಂದು ಕೂತದ್ದೇ ತಡ, ಎಲ್ಲರ ಬಾಯಿಗೂ ಬೀಗ ಬಿತ್ತು.

"ಹೇಳು ಫಿಟ್ಜ್‌ರಾಯ್ ಮಾವ. ಅಮ್ಮ ನಿನ್ನ ಮೀನಿನ ಬುಟ್ಟೀನ ಸಮುದ್ರಕ್ಕೆ ಎಸೆದಿದ್ಲಂತಲ್ಲ, ಯಾಕೆ?"

"ನಂಗೇನೂ ಗೊತ್ತಿಲ್ಲ ತಾಯಿ," ಎಂದ ಮುದುಕ, ಆಡಿನ ಮೂಳೆ ಚೀಪುತ್ತ. "ಬಾಯಿ ಬಿಟ್ರೆ ಅಮೆರಿಕದಲ್ಲಿ ಅಚ್ಚಾಗ್ಬಿಡ್ತೀನಿ."

ಅವಳು ತಟ್ಟೆ ಹಾಗೇ ಬಿಟ್ಟು, ನಾನು ಪಾತ್ರೆ ಉಜ್ಜುತ್ತಿದ್ದ ಅಡುಗೆಮನೆಗೆ ಬಂದಳು. ಹೊರಗೆ ನಗು ಮತ್ತೆ ಶುರುವಾಯಿತು.

"ಕ್ಲಿಯೋರಾ, ಕೊನೇಲಿ ಅಮ್ಮನ ಜೊತೆ ಇದ್ದದ್ದು ನೀನೇ ಅಲ್ವಾ. ನನ್ನ ಬಗ್ಗೆ ಏನಾದ್ರೂ ಅಂದ್ಲಾ? ಬೈದಿದ್ರೂ ಪರವಾಗಿಲ್ಲ, ಹೇಳೆ."

ಬೈದಿದ್ದರೆ ಹೇಳುವುದು ಸುಲಭವಿತ್ತು.

"ನಿನ್ನ ಪುಸ್ತಕ ನನ್ನ ಕೈಲಿ ಎರಡು ಸಲ ಓದಿಸಿದ್ಲು. ಚೆನ್ನಾಗಿ ಬರ್ದಿದ್ದಾಳೆ, ತಪ್ಪು ಒಂದೇ ಅಂದ್ಲು."

"ಏನು ತಪ್ಪು?" ವರ್ಲಿನ್‌ಳ ಕೈ ಪೆನ್ನು ಹುಡುಕಿ ಚೀಲಕ್ಕೆ ಹೋಯಿತು. ತಾನೇ ನೋಡಿಕೊಂಡು ಹಿಂದಕ್ಕೆ ತೆಗೆದಳು.

"'ಆ ಗಂಡಸಿಗೆ ನಾನ್ಯಾಕೆ ಕಾಯ್ಲಿ? ಪೀಡೆ ತೊಲಗ್ತು ಅಂದ್ಕೊಂಡಿದ್ದೆ. ಮಗಳು ಹೋದ್ಮೇಲಲ್ವಾ ನಾನು ಧಕ್ಕೆಗೆ ಹೋಗೋಕೆ ಶುರು ಮಾಡಿದ್ದು' ಅಂದ್ಲು."

"ಊರಲ್ಲಿ ಮೂರು ಜನಕ್ಕೆ ಫೋನ್ ಮಾಡಿ ಕೇಳಿದ್ದೆ. ಮೂವರೂ ಅಪ್ಪನಿಗೇ ಕಾಯ್ತಾಳೆ ಅಂದ್ರು."

"ಅವಳನ್ನ ಕೇಳ್ಲಿಲ್ವಲ್ಲ."

ನಾನು ತೊಳೆದಿಟ್ಟ ತಟ್ಟೆಯೊಂದನ್ನು ಎತ್ತಿಕೊಂಡು ಒರೆಸಿದಳು. ಆಮೇಲೆ, "ನಂಗ್ಯಾಕೆ ಆಗ್ಲೇ ತಿಳಿಸ್ಲಿಲ್ಲ?" ಎಂದಳು.

"ಅವಳೇ ಬೇಡ ಅಂದ್ಲು."

"ಯಾಕೆ?"

ಅಯಾಂಥಿ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. "'ಹೇಳ್ಬೇಡ. ಹೇಳಿದ್ರೆ ಬರೀತಾಳೆ, ಬರಲ್ಲ.'"

ವರ್ಲಿನ್ ಒಲೆಯ ಪಕ್ಕ ನೆಲದ ಮೇಲೆ ಕೂತಳು. ಹೊರಗೆ ಫಿಟ್ಜ್‌ರಾಯ್ ಮಾವ ಮೀನಿನ ಬುಟ್ಟಿಯ ಕಥೆ ಹೇಳತೊಡಗಿದ್ದ. ಅವಳಿಗೆ ಕೇಳಿಸಲಿ ಎಂದು ನಾನು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದೆ.