ಆಂಬುಲೆನ್ಸಿನಲ್ಲಿ ಒಂದೇ ಜಾಗ

ದೇಶದಲ್ಲಿ ಎಲ್ಲಾದರೂ ನೆರೆಯೋ ಭೂಕಂಪವೋ ಆದರೆ ನೆರವಿಗೆ ಧಾವಿಸಲು ನರ್ಸುಗಳ ತಂಡ ಕಟ್ಟಿ ಎಂದು ಮೇಲಿನಿಂದ ಕಾಗದ ಬಂತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೇ ಪದ್ಧತಿಯಾಗಿದ್ದ ಆ ಆಸ್ಪತ್ರೆಯಲ್ಲಿ, ಬೆಂಕಿಗೆ ಮೊದಲೇ ಗುದ್ದಲಿ ಹುಡುಕಿದ್ದು ಅದೇ ಮೊದಲು. ಆಸ್ಪತ್ರೆಯ ಯಜಮಾನಿಕೆ ನಡೆಸುತ್ತಿದ್ದ ದೊಡ್ಡ ಡಾಕ್ಟರು, "ಯಾರು ಸ್ವಂತ ಇಷ್ಟದಿಂದ ಬರ್ತಾರೆ ಅಂತ ನಾನೇ ತೀರ್ಮಾನ ಮಾಡ್ತೀನಿ" ಎಂದು ಹತ್ತು ಹೆಸರು ಬರೆದರು.

ಹತ್ತನೆಯದು ನಿಧಾನಕ್ಕನದು. ಹೆಂಗಸರ ವಾರ್ಡಿನ ಹಿರಿಯ ನರ್ಸು ಅವಳು. ನಾಡಿ ಹಿಡಿದರೆ ಪೂರ್ತಿ ಒಂದು ನಿಮಿಷ ಎಣಿಸುವವಳು. ಉಳಿದವರು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದರು. ಅವಸರವಿದ್ದರೆ ಮೊದಲು ಬರೆದು ಆಮೇಲೆ ಎಣಿಸುತ್ತಿದ್ದರು. ಹಿಂದೆ ಎರಡು ಸಲ ನೆರೆ ಬಂದ ಮೇಲೆ ಅವಸರದಲ್ಲಿ ತಂಡ ಹೊರಟಾಗಲೂ ಅವಳನ್ನು ಬೆಡ್‌ಶೀಟು ಕಟ್ಟಿಕೊಡಲು ಬಿಟ್ಟು ಹೋಗಿದ್ದರು. ಐವತ್ತೈದು ತುಂಬಿದವರನ್ನು ಸೇರಿಸಿಕೊಳ್ಳುವಂತಿಲ್ಲ. ಅವಳಿಗೆ ತುಂಬಲು ಇನ್ನು ಒಂದು ತಿಂಗಳು. ಈ ಸಲ ತಪ್ಪಿದರೆ ತಪ್ಪಿದ ಹಾಗೆಯೇ.

"ನೀನು ಯಾರನ್ನ ಎತ್ತೋಕೆ ಹೋಗ್ತೀಯೆ? ನಿನ್ನನ್ನ ಎತ್ತೋಕೇ ನಾಲ್ಕು ಜನ ಬೇಕು," ಎಂದ ಗಂಡ.

"ಎತ್ತೋಕೆ ಗಟ್ಟಿಯಾಳುಗಳು ಇರ್ತಾರೆ ಕಣ್ರೀ. ಯಾರನ್ನ ಮೊದಲು ಎತ್ತಬೇಕು ಅಂತ ಹೇಳೋಕೆ ನಾನು."

ಆ ಹತ್ತು ಜನರಿಗೆ ಶನಿವಾರ ಪರೀಕ್ಷೆ; ಪಾಸಾದವರಷ್ಟೇ ತಂಡಕ್ಕೆ. ಹೊರರೋಗಿಗಳ ಹಾಲಿನಲ್ಲಿ ಬೆಂಚುಗಳನ್ನು ಬೋರಲು ಹಾಕಿ, ಕಟ್ಟಡ ಕುಸಿದಿದೆ ಎಂದರು. ತರಬೇತಿಗೆಂದು ಹೊರಗಿನಿಂದ ಬಂದಿದ್ದ, ಕೊರಳಲ್ಲಿ ಸೀಟಿ ತೂಗಿಸಿಕೊಂಡ ಮೇಷ್ಟ್ರು ನಿಯಮ ಹೇಳಿದರು: ಒಳಗೆ ಮೂವರು ಗಾಯಾಳುಗಳು, ಆಂಬುಲೆನ್ಸಿನಲ್ಲಿ ಒಂದೇ ಜಾಗ. ಒಬ್ಬೊಬ್ಬರಾಗಿ ಹೋಗಬೇಕು, ಗಾಯಾಳುಗಳ ಎದೆಯ ಮೇಲಿನ ಚೀಟಿ ಓದಬೇಕು, ಎರಡು ನಿಮಿಷದಲ್ಲಿ, ಮೊದಲು ಸಾಗಿಸಬೇಕಾದ ಒಬ್ಬರ ಕೈಗೆ ಕೆಂಪು ಪಟ್ಟಿ ಕಟ್ಟಬೇಕು. ಸರಿಯಾದ ಉತ್ತರ ಲಕೋಟೆಯಲ್ಲಿದೆ.

ಪತ್ರಿಕೆಯವರು ಕ್ಯಾಮೆರಾ ತಂದಿದ್ದರಿಂದ ದೊಡ್ಡ ಡಾಕ್ಟರೇ ಒಬ್ಬ ಗಾಯಾಳುವಾಗಿ ನಡುಮಧ್ಯೆ ಮಲಗಿದರು. ಇನ್ನೊಬ್ಬ ಗುಮಾಸ್ತ. ಮೂರನೆಯವಳು ನೆಲ ಒರೆಸುವ ಆಯಾ, ಕಂಬದ ಹಿಂದೆ.

ನಿಧಾನಕ್ಕ ಬಾಗಿಲಾಚೆ ಕೊನೆಯವಳಾಗಿ ನಿಂತಿದ್ದಳು. ಒಂಬತ್ತು ಸಲವೂ ಒಳಗಿಂದ ದೊಡ್ಡ ಡಾಕ್ಟರದು ಒಂದೇ ಕೂಗು: "ಅಯ್ಯೋ, ಸತ್ತೆ! ಸಿಸ್ಟರ್, ಇಲ್ಲಿ! ಇಲ್ಲಿ!" ಒಂಬತ್ತು ಸಲವೂ ಓಡುವ ಚಪ್ಪಲಿಯ ಸದ್ದು. ಒಬ್ಬಳು ದಿಂಬನ್ನೂ ತರಿಸಿದಳು. ಮತ್ತೊಬ್ಬಳ ದನಿ ಕಂಬದ ಕಡೆಯಿಂದ ಬಂತು: "ಕೆಲಸದ ಹೊತ್ತಲ್ಲಿ ಮಲಗಿದೀಯಲ್ಲ, ನಾಚಿಕೆ ಆಗಲ್ವಾ? ಏಳು, ಅಲ್ಲಿ ನೀರು ಚೆಲ್ಲಿದೆ!"

ನಿಧಾನಕ್ಕನ ಸರದಿ ಬಂತು. ದೊಡ್ಡ ಡಾಕ್ಟರ ಚೀಟಿ ಓದಿದಳು: ಕಾಲಿನ ಮೂಳೆ ಮುರಿದಿದೆ, ಉಸಿರು ಸರಿ, ನಾಡಿ ಸರಿ.

"ಕಟ್ಟಮ್ಮಾ ಬೇಗ, ಫೋಟೋ ತೆಗೀತಾರೆ," ಎಂದು ಅವರು ಕೈ ಚಾಚಿದರು.

"ಇಷ್ಟು ಕಿರುಚೋಕೆ ಉಸಿರಿದೆಯಲ್ಲ ಸರ್, ಸ್ವಲ್ಪ ತಾಳಿ."

ಗುಮಾಸ್ತನದು ಮೊಣಕೈಯ ತರಚು ಗಾಯ. ಕಂಬದ ಹಿಂದೆ ಆಯಾ ಬಾಯಿ ಬಿಡದೆ ಬಿದ್ದಿದ್ದಳು. ಚೀಟಿಯಲ್ಲಿತ್ತು: ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ನಾಡಿ ನೂರ ನಲವತ್ತು, ಮಾತಿಲ್ಲ. ನಿಧಾನಕ್ಕ ಕೆಂಪು ಪಟ್ಟಿಯನ್ನು ಅವಳ ಕೈಗೆ ಕಟ್ಟಿದಳು.

ಮೇಷ್ಟ್ರು ಸೀಟಿ ಊದಿದರು. ದೊಡ್ಡ ಡಾಕ್ಟರು ಮುರಿದ ಕಾಲಿನ ಮೇಲೆಯೇ ಎದ್ದು ನಿಂತರು. "ಒಂಬತ್ತು ಜನ ಪಾಸು. ನಿಧಾನಕ್ಕ, ನೀವು ಬೆಡ್‌ಶೀಟ್ ನೋಡ್ಕೊಳ್ಳಿ."

ಮೇಷ್ಟ್ರು ಲಕೋಟೆ ಬಿಚ್ಚಿ ನೋಡಿ, ಹಾಗೆಯೇ ಮಡಿಸತೊಡಗಿದರು.

"ಗಟ್ಟಿಯಾಗಿ ಓದಿ ಮೇಷ್ಟ್ರೇ," ಎಂದಳು ನಿಧಾನಕ್ಕ. "ಒಂದು ತಿಂಗಳಾದ ಮೇಲೆ ನಾನು ಕೇಳೋ ಹಾಗೂ ಇಲ್ಲ."

ಪತ್ರಿಕೆಯವನು ಕ್ಯಾಮೆರಾ ಇತ್ತ ತಿರುಗಿಸಿದ. ಮೇಷ್ಟ್ರು ಬೆವರು ಒರೆಸಿಕೊಂಡು ಓದಿದರು: "ಕಂಬದ ಹಿಂದಿನ ಗಾಯಾಳು. ಬೇರೆ ಯಾರನ್ನು ಆರಿಸಿದರೂ ಇವಳು ಸಾಯುತ್ತಾಳೆ."

ಆಯಾ ಎದ್ದು ಕೂತಳು. "ಅಂದ್ರೆ ನಾನು ಒಂಬತ್ತು ಸಲ ಸತ್ತೆನಾ? ಅದರಲ್ಲಿ ಒಂದು ಸಲ ಬೈಸಿಕೊಂಡೂ ಸತ್ತೆ!"

ಯಾರೋ ಕಿಸಕ್ಕೆಂದರು. ದಿಂಬು ತರಿಸಿದವಳು ದಿಂಬನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ನಿಧಾನಕ್ಕ ತಂಡಕ್ಕೆ ಸೇರುವ ತನ್ನ ಅರ್ಜಿಯನ್ನು ಮೇಷ್ಟ್ರ ಮುಂದೆ ಹಿಡಿದಳು. ಪಾಸಾದವರಿಗೆ ಬೇಕಿದ್ದದ್ದು ಅವರೊಬ್ಬರ ಸಹಿ. ಮೇಷ್ಟ್ರು ದೊಡ್ಡ ಡಾಕ್ಟರ ಮುಖ ನೋಡಿದರು, ಕ್ಯಾಮೆರಾ ನೋಡಿದರು, ಸಹಿ ಹಾಕಿದರು.

"ನೀವು ಹೊರಟುಹೋದ್ರೆ ಇಲ್ಲಿ ವಾರ್ಡು ಯಾರು ನೋಡ್ಕೋತಾರೆ?" ದೊಡ್ಡ ಡಾಕ್ಟರು ಸಿಡುಕಿದರು.

ಅವಳು ಅರ್ಜಿಯ ಮೇಲಿನ ಶಾಯಿ ಆರುವವರೆಗೆ ಊದಿ, ನಾಲ್ಕಾಗಿ ಮಡಿಸಿ, ಜೇಬಿಗಿಟ್ಟುಕೊಂಡಳು.

"ಈ ಒಂಬತ್ತು ಜನ ಇದ್ದಾರಲ್ಲ ಸರ್. ಇಲ್ಲಿ ಕೂಗಾಡೋವ್ರೇ ಜಾಸ್ತಿ. ಇವರಿಗೆ ಅಭ್ಯಾಸ ಇದೆ."